ತೋಟೆ ಏರುವ ಸದ್ದು

ವಿರಾಜಪೇಟೆಯ ದೊಡ್ಡ ರಸ್ತೆ ಬಿಟ್ಟು ಓಣಿಗೆ ಇಳಿದು, ಹೆಂಚಿನ ಅಂಚಿನಿಂದ ಹುರಿಯಂತೆ ಇಳಿಯುವ ನೀರನ್ನು ತಪ್ಪಿಸಿಕೊಂಡು, ತಲೆ ತಗ್ಗಿಸಿ ಒಳಗೆ ಬನ್ನಿ. ಕೊಡೆ ಬಾಗಿಲ ಮೂಲೆಯಲ್ಲಿರಲಿ. ಆಗಸ್ಟ್ ಕೊನೆಯ ವಾರ ಇದು. ಗದ್ದೆಯಲ್ಲಿ ನಾಟಿ ಮುಗಿದಿದೆ, ಮಳೆ ಮುಗಿದಿಲ್ಲ. ಒಳಗೆ ಕಾಲಿಟ್ಟ ಕೂಡಲೇ ಮೂಗಿಗೆ ಬರುವುದು ಸೀಮೆಎಣ್ಣೆಯ ವಾಸನೆ. ಅದರ ಹಿಂದೆಯೇ ಕೋವಿ ಎಣ್ಣೆಯ ಜಿಡ್ಡು, ಉಜ್ಜಿದ ಹಿತ್ತಾಳೆಯ ಕಮಟು, ಮರದ ಹೊಟ್ಟು, ಎಲ್ಲದರ ಮೇಲೆ ಪಕ್ಕದ ಹೋಟೆಲಿನಿಂದ ತೇಲಿಬರುವ ಕಾಫಿ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಗೋಡೆ ಕಾಣುತ್ತದೆ. ಗೋಡೆಯುದ್ದಕ್ಕೂ ಕೋವಿಗಳು ಒರಗಿ ನಿಂತಿವೆ, ಸ್ಕೂಲಿನ ಮಕ್ಕಳು ಸಾಲಿನಲ್ಲಿ ನಿಂತ ಹಾಗೆ. ಜೋಡಿ ನಳಿಗೆಯ ಹನ್ನೆರಡು ಬೋರಿನವು, ಒಂಟಿ ನಳಿಗೆಯವು, ಅಜ್ಜಂದಿರ ಕಾಲದ ಕೇಪಿನ ಕೋವಿಗಳು. ಪ್ರತಿಯೊಂದರ ಕುದುರೆಯ ಕಟ್ಟಿಗೂ ದಾರದಲ್ಲಿ ಒಂದೊಂದು ರಟ್ಟಿನ ಚೀಟಿ. ಚೀಟಿಯ ಮೇಲೆ ಮನೆತನದ ಹೆಸರು, ಕೋವಿಯ ನಂಬರು.

ಕೈಲ್‌ಪೊಳ್ದ್ ಹಬ್ಬ ಹತ್ತಿರ ಬಂತೆಂದರೆ ಈ ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸೆಪ್ಟೆಂಬರ್ ಮೊದಲ ವಾರ ಕೊಡಗಿನ ಮನೆಗಳಲ್ಲಿ ಆಯುಧಗಳನ್ನೆಲ್ಲ ತೊಳೆದು ಒರೆಸಿ, ಕನ್ನಿಕೊಂಬರೆ ಎಂಬ ಪೂಜೆಯ ಕೋಣೆಯಲ್ಲಿ ಇಟ್ಟು, ನಳಿಗೆಯ ಬಾಯಿಗೆ ಕೆಂಪು ಹಳದಿಯ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ತೋಕ್ ಅಂದರೆ ಕೋವಿ. ಹೂವಿಗೇ ಕೋವಿಯ ಹೆಸರಿಟ್ಟ ನಾಡು ಇದು. ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಈಡು. ಕಣಿವೆಯಾಚೆಯ ಮನೆಗೆ ಸುದ್ದಿ ಮುಟ್ಟುತ್ತಿದ್ದುದೇ ಹಾಗೆ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ನಿಶ್ಶಸ್ತ್ರೀಕರಣದ ಕಾಯ್ದೆಯಿಂದ ಕೊಟ್ಟ ವಿನಾಯಿತಿ ರೂಪ ಬದಲಿಸುತ್ತ ಇಂದಿಗೂ ಬಂದಿದೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ಆ ರಿಯಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. ಆದರೆ ಕಾಗದ ಕೋವಿಯನ್ನು ಮನೆಯಲ್ಲಿ ಉಳಿಸಬಲ್ಲುದೇ ಹೊರತು ಅದನ್ನು ಕೆಲಸ ಮಾಡುವ ಹಾಗೆ ಇಡಲಾರದು. ಆ ಕೆಲಸಕ್ಕೆ ಇಂಥ ಅಂಗಡಿ ಬೇಕು, ಇಂಥ ಕೈ ಬೇಕು.

ಕೈ ಎಂದರೆ ಮೇಸ್ತ್ರಿಯವರದು. ಎಪ್ಪತ್ತು ದಾಟಿದ ಮನುಷ್ಯ. ಬೆರಳ ತುದಿಗಳು ಎಣ್ಣೆ ಕುಡಿದು ಕಪ್ಪಾಗಿವೆ, ಉಗುರಿನ ಸಂದಿಯಲ್ಲಿ ವರ್ಷಗಳ ಮಸಿ. ಕನ್ನಡಕವನ್ನು ಹಣೆಗೇರಿಸಿಕೊಂಡೇ ಕೆಲಸ ಮಾಡುತ್ತಾರೆ. ನೋಡುವುದು ಕಡಿಮೆ, ಸವರುವುದು ಹೆಚ್ಚು. ಮುಂದಿನ ಹಲಗೆಯ ಮೇಲೆ ಕಬ್ಬಿಣದ ವೈಸು, ಗಾತ್ರದ ಪ್ರಕಾರ ಮಲಗಿಸಿದ ಅರಗಳು, ಹಳೆಯ ಲುಂಗಿ ಹರಿದು ಮಾಡಿದ ಬಟ್ಟೆ ತುಂಡುಗಳು, ಹಾರ್ಲಿಕ್ಸ್ ಬಾಟಲಿಯಲ್ಲಿ ಸ್ಕ್ರೂಗಳು. ಇನ್ನೊಂದು ಡಬ್ಬಿಯಲ್ಲಿ ಹತ್ತಾರು ತೋಟೆಗಳು. ಗಾಬರಿ ಬೇಡ, ಅವಕ್ಕೆ ಜೀವವಿಲ್ಲ. ಮದ್ದಿಲ್ಲ, ಕೇಪಿಲ್ಲ; ಹಿತ್ತಾಳೆಯ ಕವಚಕ್ಕೆ ಅಡ್ಡಲಾಗಿ ತೂತು ಕೊರೆದಿದ್ದಾರೆ, ಯಾರ ಕೈಗೆ ಸಿಕ್ಕಿದರೂ ಇದು ಡಮ್ಮಿ ಎಂದು ಗೊತ್ತಾಗಲಿ ಎಂದು. ಈ ಅಂಗಡಿಯೊಳಗೆ ನಿಜವಾದ ತೋಟೆ ತರುವಂತಿಲ್ಲ. ಬಂದವರನ್ನು ಮೇಸ್ತ್ರಿಯವರು ಮೊದಲು ಕೇಳುವ ಮಾತೇ ಅದು: “ಖಾಲಿ ಇದೆಯಾ? ತೆಗೆದು ತೋರಿಸು.”

ನನ್ನ ಜೊತೆ ಬಂದಿದ್ದ ಗೆಳೆಯ ಬೋಲ್ಟ್ ಎಳೆದು, ತೋಟೆ ಕೂರುವ ಕೋಣೆಯನ್ನು ಬೆಳಕಿಗೆ ಹಿಡಿದು ತೋರಿಸಿದ. ಅವನು ತಂದದ್ದು ತಂದೆಯ ರೈಫಲ್. ತಂದೆ ತೀರಿಕೊಂಡು ಕೆಲವು ವರ್ಷವಾಯಿತು. ಕೋವಿ ಈಗ ಅವನ ಹೆಸರಿನಲ್ಲಿದೆ. ಮೇಸ್ತ್ರಿಯವರು ವಿನಾಯಿತಿ ಪತ್ರ ನೋಡಿ, ನಂಬರನ್ನು ರಿಜಿಸ್ಟರಿಗೆ ಬರೆದುಕೊಂಡು, ಆಮೇಲೆ ಕೋವಿಯನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡರು. ಮಗುವನ್ನು ಎತ್ತಿಕೊಂಡ ಹಾಗೆಯೇ.

“ಏನು ತೊಂದರೆ?”

“ಸಿಕ್ಕಿಕೊಳ್ಳುತ್ತೆ ಮೇಸ್ತ್ರಿ. ಒಂದೆರಡು ತೋಟೆ ಸರಿಯಾಗಿ ಹೋಗುತ್ತೆ. ಆಮೇಲೆ ಬೋಲ್ಟು ಮುಂದಕ್ಕೇ ಹೋಗಲ್ಲ. ಹೋದ ವರ್ಷ ಹಬ್ಬದ ದಿನ ಎಲ್ಲರ ಎದುರು ಹೀಗಾಯ್ತು.”

ಆ ದಿನ ನಾನೂ ಇದ್ದೆ. ಮನೆಯ ಹಿಂದಿನ ಬರೆಯನ್ನು ಕಡಿದು ಮಾಡಿದ ಎತ್ತರದ ಮಣ್ಣಿನ ಗೋಡೆ, ಅದರ ಬುಡದಲ್ಲಿ ಕೋಲಿನ ಮೇಲೆ ಕೂರಿಸಿದ ತೆಂಗಿನಕಾಯಿ, ಹಿಂದೆ ಚಪ್ಪಾಳೆ ತಟ್ಟಲು ಕಾದ ಮಕ್ಕಳು. ಎರಡನೆಯ ಈಡಾದ ಮೇಲೆ ಬೋಲ್ಟ್ ಅರ್ಧಕ್ಕೆ ನಿಂತಿತು. ಗೆಳೆಯ ಹಿಂದಕ್ಕೆ ಎಳೆದ, ಮುಂದಕ್ಕೆ ದೂಡಿದ. ಒಳಗೆ ಎರಡು ತೋಟೆಗಳು ಒಂದರ ಬೆನ್ನು ಒಂದು ಹಿಡಿದು ನಿಂತಿದ್ದವು. ಅವನ ಕಿವಿ ಕೆಂಪಾದದ್ದು ನನಗಿನ್ನೂ ನೆನಪಿದೆ. ತಂದೆಯ ಕೈಯಲ್ಲಿ ಒಮ್ಮೆಯೂ ತಡವರಿಸದ ಕೋವಿ ಅದು.

ಮೇಸ್ತ್ರಿಯವರು ಡಬ್ಬಿಯಿಂದ ಡಮ್ಮಿಗಳನ್ನು ತೆಗೆದರು, ಆದರೆ ತಾವೇ ತುಂಬಲಿಲ್ಲ. “ನೀನು ತುಂಬು, ಮನೆಯಲ್ಲಿ ಹೇಗೆ ತುಂಬುತ್ತೀಯೋ ಹಾಗೆ” ಎಂದರು. ಅವನು ಐದು ತುಂಬಿದ. ಅವರು ಕಣ್ಣು ಮುಚ್ಚಿ ಬೋಲ್ಟ್ ಎಳೆದರು, ದೂಡಿದರು. ಸರ್ರ್, ಟಕ್. ಮತ್ತೆ ಸರ್ರ್, ಟಕ್. ಹೊರಗೆ ಬಿದ್ದ ಡಮ್ಮಿ ಹಲಗೆಯ ಮೇಲೆ ಗಿಣಗಿಣ ಉರುಳಿತು. ಮೂರನೆಯ ಸಲ ಸದ್ದು ಬೇರೆಯಾಯಿತು. ಸರ್ರ್ ಎನ್ನುವುದು ಕರ್ರ್ ಎಂದು ನಿಂತಿತು. ಗೆಳೆಯ ಬಲ ಹಾಕಲು ಕೈ ಚಾಚಿದ. ಮೇಸ್ತ್ರಿಯವರು ಅವನ ಮಣಿಕಟ್ಟು ಹಿಡಿದರು.

“ಬಲ ಹಾಕಬೇಡಪ್ಪ. ಬಲ ಹಾಕಿದ್ದಕ್ಕೇ ಅರ್ಧ ಕೋವಿಗಳು ಇಲ್ಲಿಗೆ ಬರೋದು.”

ಮಳೆ ಜೋರಾಯಿತು. ಬಾಗಿಲಿನ ಬೆಳಕು ಮಂಕಾಯಿತು; ಅವರು ತೂಗುಬಲ್ಬು ಹಾಕಿ ಮ್ಯಾಗಜಿನ್ನನ್ನು ಕೆಳಗಿನಿಂದ ಕಳಚಿದರು. ನೀವೂ ಹತ್ತಿರ ಬಂದು ನೋಡಿ. ತಗಡಿನ ಒಂದು ಪೆಟ್ಟಿಗೆ, ಅಂಗೈಗಿಂತ ಸ್ವಲ್ಪ ದೊಡ್ಡದು, ಮುಂಭಾಗ ಕೊಂಚ ಬಾಗಿದೆ. ಒಳಗೆ ಮಡಚಿದ ಪಟ್ಟಿಯ ಸ್ಪ್ರಿಂಗು, ಅದರ ಮೇಲೆ ತೋಟೆ ಕೂರುವ ಮಣೆ. ಮಣೆಯ ಒಂದು ಬದಿ ತುಸು ಎತ್ತರ. ತೋಟೆಗಳು ಎಡಕ್ಕೊಂದು ಬಲಕ್ಕೊಂದು ಕೂತು ಏರಲಿ ಎಂದು ಹಾಗೆ ಮಾಡಿದ್ದು. ಪೆಟ್ಟಿಗೆಯ ಬಾಯಿಯಲ್ಲಿ ಒಳಕ್ಕೆ ಬಾಗಿದ ಅಂಚುಗಳು. ಇವನ್ನು ತುಟಿ ಎನ್ನುತ್ತಾರೆ. ಮೇಲಿನ ತೋಟೆ ಹಾರಿಹೋಗದಂತೆ ಹಿಡಿದಿಡುವುದೂ ಈ ತುಟಿಯೇ, ಬೋಲ್ಟ್ ದೂಡಿದಾಗ ಸರಿಯಾದ ಗಳಿಗೆಯಲ್ಲಿ ಬಿಟ್ಟುಕೊಡುವುದೂ ಈ ತುಟಿಯೇ. ಕೋವಿಯಲ್ಲಿ ಎಲ್ಲಕ್ಕಿಂತ ಅಗ್ಗದ ಭಾಗ ಎಂದು ನೋಡಿದರೆ ಅನಿಸುತ್ತದೆ. ನಳಿಗೆಯ ಗೀರುಗಳ ಬಗ್ಗೆ, ಮರದ ಹೊಳಪಿನ ಬಗ್ಗೆ ಗಂಟೆಗಟ್ಟಲೆ ಮಾತಾಡುವವರು ಈ ಪೆಟ್ಟಿಗೆಯನ್ನು ತಿರುಗಿಯೂ ನೋಡುವುದಿಲ್ಲ. ನಾನೂ ಅಂದಿನವರೆಗೆ ನೋಡಿರಲಿಲ್ಲ.

ಮೇಸ್ತ್ರಿಯವರು ಒಂದು ತೋಟೆಯನ್ನು ನನ್ನ ಅಂಗೈಗೆ ಹಾಕಿದರು. ಬುಡದಲ್ಲಿ ಸುತ್ತ ಹೊರಚಾಚಿದ ಒಂದು ಅಂಚು. ಅವರ ಮಾತಿನಲ್ಲಿ ಅದು ಬಳೆ. ಬುಡದ ಮೇಲೆ 8 ಎಂ.ಎಂ., ಕೆ.ಎಫ್. ಎಂದು ಒತ್ತಿದ ಅಕ್ಷರ. “ಈ ಬಳೆ ಇದೆಯಲ್ಲ, ಇದೇ ಎಲ್ಲ ಜಗಳಕ್ಕೆ ಮೂಲ” ಎಂದರು. ಮೇಲಿನ ತೋಟೆಯ ಬಳೆ ಕೆಳಗಿನ ತೋಟೆಯ ಬಳೆಗಿಂತ ಮುಂದೆ ಕೂರಬೇಕು. ಹಿಂದೆ ಕೂತರೆ, ಬೋಲ್ಟ್ ಮೇಲಿನದನ್ನು ದೂಡುವಾಗ ಅದು ಕೆಳಗಿನದರ ಬಳೆಗೆ ಕೊಕ್ಕೆ ಹಾಕಿ ಅದನ್ನೂ ಎಳೆಯುತ್ತದೆ. ಎರಡೂ ಸೇರಿ ಒಂದೇ ಬಾಗಿಲಲ್ಲಿ ನುಗ್ಗಲು ಹೋಗಿ ನಿಂತುಬಿಡುತ್ತವೆ. ಮಾಡಿಗೆ ಹೆಂಚು ಹೊದಿಸುವುದನ್ನು ನೋಡಿದ್ದೀರಲ್ಲ? ಮೇಲಿನ ಹೆಂಚಿನ ಅಂಚು ಕೆಳಗಿನದರ ಮೇಲೆ ಬರಬೇಕು. ತಿರುವುಮುರುವಾದರೆ ಮಳೆಯೆಲ್ಲ ಮನೆಯೊಳಗೆ. ಅಷ್ಟೇ ಸರಳ, ಅಷ್ಟೇ ನಿಷ್ಠುರ.

ಗೆಳೆಯ ತುಂಬಿದ ಐದರಲ್ಲಿ ಒಂದರ ಬಳೆ ಹಿಂದೆ ಸಿಕ್ಕಿತ್ತು. ಮೇಸ್ತ್ರಿಯವರು ಅವನ ಬೆರಳು ಹಿಡಿದೇ ಕಲಿಸಿದರು: ತೋಟೆಯನ್ನು ಒತ್ತಿ, ಹಿಂದಕ್ಕೆ ಜಾರಿಸಿ, ಬಳೆ ಎಲ್ಲಿದೆ ಎಂದು ಹೆಬ್ಬೆರಳಲ್ಲಿ ಸವರಿ, ಆಮೇಲೆ ಮುಂದಿನದು. ಮಿಲಿಟರಿಯಲ್ಲಿ ಈ ತಾಪತ್ರಯ ಇರಲಿಲ್ಲ. ಅಲ್ಲಿ ಐದೈದು ತೋಟೆಗಳನ್ನು ತಗಡಿನ ಕ್ಲಿಪ್ಪಿನಲ್ಲಿ ಬಳೆಗಳನ್ನು ಒಂದು ಬಿಟ್ಟು ಒಂದು ಮೇಲೆ ಕೆಳಗೆ ಮಾಡಿ ಜೋಡಿಸಿ ಕೊಡುತ್ತಿದ್ದರು. ಸಿಪಾಯಿ ಕ್ಲಿಪ್ಪನ್ನು ಕೋವಿಯ ನೆತ್ತಿಗೆ ಸಿಕ್ಕಿಸಿ ಹೆಬ್ಬೆರಳಲ್ಲಿ ಒತ್ತಿದರೆ ಐದೂ ಒಳಗೆ. ಎರಡು ಕ್ಲಿಪ್ಪಿಗೆ ಹತ್ತು, ಪೆಟ್ಟಿಗೆ ಭರ್ತಿ. ಗೆಳೆಯನ ಕೋವಿಯನ್ನು ಶಿಕಾರಿ ರೈಫಲ್ ಮಾಡುವಾಗ ನೆತ್ತಿಯ ಮೇಲಿನ ಆ ಸೇತುವೆಯನ್ನು ಯಾರೋ ಅರೆದು ತೆಗೆದಿದ್ದಾರೆ, ದುರ್ಬೀನು ಕೂರಿಸಲೆಂದೋ, ಅಂದಕ್ಕೆಂದೋ. ಅಂದಿನಿಂದ ಕ್ಲಿಪ್ಪಿನ ಕೆಲಸ ಬೆರಳಿನ ಪಾಲಿಗೆ ಬಂದಿದೆ.

ಹೌದು, ಈ ಕೋವಿ ಹುಟ್ಟುವಾಗ ಶಿಕಾರಿಯದಲ್ಲ. ಮರವನ್ನು ಕತ್ತರಿಸಿ ಹಗುರ ಮಾಡಿದ್ದಾರೆ, ಹಿಡಿಯ ಮೇಲೆ ಜಾಲರಿ ಕೆತ್ತಿದ್ದಾರೆ, ನಳಿಗೆ ಬೇರೆಯದು. ಮೈ ಮಾತ್ರ ಸಿಪಾಯಿಯದು: ನಮ್ಮ ಪೊಲೀಸರ ಹೆಗಲ ಮೇಲೆ ನಾವೆಲ್ಲ ನೋಡಿದ ತ್ರೀ ನಾಟ್ ತ್ರೀ, ಲೀ-ಎನ್‌ಫೀಲ್ಡ್. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಕೆನಡಾಕ್ಕೆ ಹೋದ ಜೇಮ್ಸ್ ಪ್ಯಾರಿಸ್ ಲೀ ಎಂಬಾತ ಕಲ್ಪಿಸಿದ ಪೆಟ್ಟಿಗೆ ಮ್ಯಾಗಜಿನ್ನನ್ನು ಬ್ರಿಟಿಷರು 1888ರಲ್ಲಿ ಒಪ್ಪಿಕೊಂಡರು. 1907ರ ಹೊತ್ತಿಗೆ ಅದು ಪಳಗಿದ ರೂಪಕ್ಕೆ ಬಂತು. ಮೊದಲ ಮಹಾಯುದ್ಧಕ್ಕೆ ಮುಂಚೆ ಬ್ರಿಟಿಷ್ ಸಿಪಾಯಿಗಳು ಇದರಲ್ಲಿ ಮುನ್ನೂರು ಗಜದ ಗುರಿಗೆ ನಿಮಿಷಕ್ಕೆ ಹದಿನೈದು ಈಡು ಹೊಡೆಯುವ ಅಭ್ಯಾಸ ಮಾಡುತ್ತಿದ್ದರು. ನಿಮಿಷಕ್ಕೆ ಹದಿನೈದು ಎಂದರೆ ನಾಲ್ಕು ಸೆಕೆಂಡಿಗೊಂದು. ಒಂದೇ ಒಂದು ತೋಟೆ ಅಡ್ಡ ಬಿದ್ದರೂ ಲೆಕ್ಕ ತಪ್ಪುತ್ತದೆ. ಕೊಲ್ಕತ್ತಾದ ಹತ್ತಿರ ಹೂಗ್ಲಿ ದಂಡೆಯ ಇಛಾಪುರದ ರೈಫಲ್ ಕಾರ್ಖಾನೆ ಇದೇ ಕೋವಿಯನ್ನು ನಮ್ಮ ನೆಲದಲ್ಲಿ ಮಾಡತೊಡಗಿತು. ಕಾರ್ಯಪ್ಪ, ತಿಮ್ಮಯ್ಯನವರ ಪೀಳಿಗೆಯ ಕೊಡಗಿನ ಯೋಧರೆಲ್ಲ ಹಿಡಿದದ್ದು ಈ ಬೋಲ್ಟನ್ನೇ. ಉತ್ತರ ಪ್ರದೇಶದ ಪೊಲೀಸರು ಇದಕ್ಕೆ ವಿಧಿವತ್ತಾಗಿ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದ ದಿನ.

ಆದರೆ ತ್ರೀ ನಾಟ್ ತ್ರೀ ಸೈನ್ಯದ ತೋಟೆ. ನಮ್ಮಲ್ಲಿ ಸಾಮಾನ್ಯರ ಮನೆಯಲ್ಲಿ ಇರುವಂತಿಲ್ಲ. ಸೈನ್ಯದ ತೋಟೆ ಜನರ ಕೈಗೆ ಸಿಕ್ಕೀತೆಂಬ ಬ್ರಿಟಿಷರ ಕಾಲದ ಅಂಜಿಕೆಯೇ ಗೆಳೆಯನ ಕೋವಿ ಹೊಡೆಯುವ .315ನ್ನು ತಂದಿತು. ಮೂಲದಲ್ಲಿ ಇದು ಆಸ್ಟ್ರಿಯಾ-ಹಂಗೆರಿಯ ಮಾನ್ಲಿಖರ್ ರೈಫಲ್‌ಗೆಂದು 1890ರ ಸುಮಾರಿಗೆ ಮಾಡಿದ 8 ಮಿ.ಮೀ. ತೋಟೆ. ಆ ರೈಫಲ್ ತಿನ್ನುತ್ತಿದ್ದ ರೀತಿಯೇ ಬೇರೆ: ಐದು ತೋಟೆಗಳ ತಗಡಿನ ಕಟ್ಟನ್ನು ಇಡಿಯಾಗಿ ಹೊಟ್ಟೆಗೆ ಹಾಕಿಕೊಂಡು, ಕೊನೆಯ ತೋಟೆ ಹೋದ ಮೇಲೆ ಖಾಲಿ ತಗಡನ್ನು ಕೆಳಗೆ ಉದುರಿಸುತ್ತಿತ್ತು. ಹಾಗೆ ಬೇರೆ ಮನೆಯಲ್ಲಿ ಹುಟ್ಟಿ ಬೇರೆ ರೀತಿಯಲ್ಲಿ ಬೆಳೆದ ತೋಟೆಯನ್ನು ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ.ಯವರು, ಆಮೇಲೆ ನಮ್ಮ ಇಛಾಪುರದವರು ಲೀಯ ಪೆಟ್ಟಿಗೆಗೆ ತಂದರು. ಅದು ಹೊಂದಿಕೊಂಡಿತು. ಹೇಗೆ ಎಂದು ಕೇಳಿದರೆ ಮೇಸ್ತ್ರಿಯವರು ಎರಡು ಡಮ್ಮಿಗಳನ್ನು ಪಕ್ಕಪಕ್ಕ ನಿಲ್ಲಿಸಿ ತೋರಿಸುತ್ತಾರೆ. ಎರಡಕ್ಕೂ ಬಳೆ ಇದೆ, ಹೆಚ್ಚುಕಡಿಮೆ ಒಂದೇ ಅಗಲ. ಎರಡೂ ಬುಡದಲ್ಲಿ ದಪ್ಪ, ಹೆಗಲ ಹತ್ತಿರ ಸಣ್ಣ. .303ರ ಕವಚದ ಉದ್ದ 56 ಮಿ.ಮೀ., ಇದರದು 50. ಆದರೆ ಗುಂಡಿನ ತುದಿಯವರೆಗೆ ಅಳೆದರೆ ಎರಡಕ್ಕೂ ವ್ಯತ್ಯಾಸ ಒಂದೆರಡು ಮಿಲಿಮೀಟರ್ ಅಷ್ಟೇ. ಹೀಗಾಗಿ ಪೆಟ್ಟಿಗೆ ಬದಲಿಸದೆ ನಳಿಗೆ ಬದಲಿಸಿದರೆ ಸಾಕಾಯಿತು.

ಸಾಕಾಯಿತು ಎಂದೆ, ಪೂರ್ತಿ ಅಲ್ಲ. .315ರ ಗುಂಡು ಮೂಗು ದುಂಡಗಿನದು, ತುದಿಯಲ್ಲಿ ಮೆತ್ತನೆಯ ಸೀಸ ಬರಿಮೈಯಲ್ಲಿ ಕಾಣುತ್ತದೆ. ತೋಟೆ ಕೋಣೆಗೆ ಹತ್ತುವ ಉಕ್ಕಿನ ಏರಿಗೆ ಮೂಗು ತಾಗಿದರೆ ಸೀಸ ಜಜ್ಜಿ ಅಲ್ಲಿಯೇ ಅಂಟಿಕೊಳ್ಳುತ್ತದೆ. ಮೊನಚು ಗುಂಡು ಜಾರಿಕೊಂಡು ಹೋಗುವ ಜಾಗದಲ್ಲಿ ಇದು ಮುಗ್ಗರಿಸುತ್ತದೆ. ಈ ಪೆಟ್ಟಿಗೆ ಮತ್ತು ಗುಂಡಿನ ಮೂಗಿನ ನಂಟು ಎಷ್ಟು ಸೂಕ್ಷ್ಮ ಎಂದರೆ, 1910ರಲ್ಲಿ ಬ್ರಿಟಿಷ್ ಸೈನ್ಯ ದುಂಡು ಮೂಗಿನ .303 ಬಿಟ್ಟು ಮೊನಚು ಮೂಗಿನದಕ್ಕೆ ಹೋದಾಗ ಮ್ಯಾಗಜಿನ್ನಿನ ಆಕಾರವನ್ನೂ ತಿದ್ದಬೇಕಾಯಿತು. ಮೂಗು ಬದಲಾದದ್ದಷ್ಟೇ, ಉಳಿದ ತೋಟೆ ಅದೇ.

ತೋಟೆಯನ್ನೇ ಬದಲಿಸಿದರೆ ಪಾಡು ಇನ್ನೂ ಕಷ್ಟ. ಚೀನಾ ಯುದ್ಧದ ನಂತರ ಇಛಾಪುರದವರು ಇದೇ ಮೈಯನ್ನು ಗಟ್ಟಿ ಉಕ್ಕಿನಲ್ಲಿ ಮಾಡಿ ಬಳೆ ಹೊರಚಾಚದ 7.62 ಮಿ.ಮೀ. ತೋಟೆಗೆ ಹೊಂದಿಸಿದರು. ಆಗ ಬಾಗಿದ ಹಳೆಯ ಪೆಟ್ಟಿಗೆಯನ್ನು ಕೈಬಿಟ್ಟು ಚೌಕಾಕಾರದ ಹೊಸ ಪೆಟ್ಟಿಗೆಯನ್ನೇ ಕಟ್ಟಿದರು. ಬ್ರಿಟನ್ನಿನಲ್ಲೂ ಅದೇ ತೋಟೆಗೆ ಲೀ-ಎನ್‌ಫೀಲ್ಡನ್ನು ತಿದ್ದಿದರು. ಗುರಿಸ್ಪರ್ಧೆಗೆಂದು ಮಾಡಿದ ಎಲ್39ರಲ್ಲಿ ಹಳೆಯ .303ರ ಪೆಟ್ಟಿಗೆಯನ್ನು ಹಾಗೆಯೇ ಬಿಟ್ಟು, ಅದನ್ನು ಬರಿಯ ಮಣೆಯಂತೆ ಬಳಸಿ ಒಂದೊಂದೇ ತೋಟೆಯನ್ನು ಕೈಯಲ್ಲಿ ಇಡುವುದು ವಾಡಿಕೆಯಾಯಿತು. ಪೆಟ್ಟಿಗೆ ಬದಲಿಸುವುದು ಒಂದು ದಾರಿ, ಪೆಟ್ಟಿಗೆಯಿಂದ ಕೆಲಸವನ್ನೇ ಕೇಳದಿರುವುದು ಇನ್ನೊಂದು. ನಮ್ಮ .315 ಮೂರನೆಯ ದಾರಿ ಹಿಡಿಯಿತು: ಇರುವ ಪೆಟ್ಟಿಗೆಗೆ ಒಗ್ಗುವ ತೋಟೆ. ಮೂರರಲ್ಲಿ ಇದೇ ಜಾಣತನದ್ದು ಎಂದು ನನಗನಿಸುತ್ತದೆ.

ಅಂಗಡಿಗೆ ಮರಳೋಣ. ಪಕ್ಕದ ಹೋಟೆಲಿನ ಹುಡುಗ ಮೂರು ಲೋಟ ಬೆಲ್ಲದ ಕಾಫಿ ಇಟ್ಟುಹೋದ. ಬಳೆಗಳನ್ನು ಸರಿಯಾಗಿ ಕೂರಿಸಿ ತುಂಬಿದ ಮೇಲೂ ನಾಲ್ಕನೆಯ ಡಮ್ಮಿಗೆ ಮೂಗು ಮುಗ್ಗರಿಸಿತು. ಇನ್ನೊಮ್ಮೆ ಮಾಡಿದರೆ ಬೋಲ್ಟ್ ತೋಟೆಯನ್ನು ಎತ್ತಿಕೊಳ್ಳದೆ ಅದರ ಮೇಲೆ ಸವರಿಕೊಂಡು ಹೋಗಿ ಖಾಲಿ ಮುಚ್ಚಿಕೊಂಡಿತು. ಮೇಸ್ತ್ರಿಯವರು ಕಾಫಿ ಗುಟುಕರಿಸುತ್ತ ಸುಮ್ಮನೆ ಕೂತರು. ಆಮೇಲೆ ಪೆಟ್ಟಿಗೆಯನ್ನು ಕೋವಿಗೆ ಸಿಕ್ಕಿಸಿ ಹಿಂದೆ ಮುಂದೆ ಅಲ್ಲಾಡಿಸಿದರು. ಕಟಕಟ ಸದ್ದು. ಬಲ್ಬಿನ ಕಡೆಗೆ ಹಿಡಿದು ಸಂದಿಯಲ್ಲಿ ಇಣುಕಿದರು. ಪೆಟ್ಟಿಗೆ ಕೂರಬೇಕಾದ ಎತ್ತರಕ್ಕಿಂತ ಒಂದು ಕಾಗದದ ದಪ್ಪದಷ್ಟು ಕೆಳಗೆ ಕೂತಿತ್ತು. ಅಷ್ಟು ಸಾಕು. ಪೆಟ್ಟಿಗೆ ಕೆಳಗಿಳಿದರೆ ಬಳೆಯ ಅಂಚೂ ಇಳಿಯುತ್ತದೆ, ಬೋಲ್ಟಿನ ಮುಖಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ.

ಪೆಟ್ಟಿಗೆಯನ್ನು ಹಿಡಿಯುವ ಕೊಕ್ಕೆ ಸವೆದಿರಬೇಕೆಂದು ನಾನೆಂದುಕೊಂಡೆ. ಅವರು ಕೊಕ್ಕೆಯನ್ನು ಉಗುರಿನಿಂದ ಮೀಟಿ ನೋಡಿ, ಅದರ ತಂಟೆಗೆ ಹೋಗಲಿಲ್ಲ. ಪೆಟ್ಟಿಗೆಯನ್ನೇ ತಿರುಗಿಸಿ ತಿರುಗಿಸಿ ನೋಡಿದರು. ಕಪ್ಪು ಬಣ್ಣದ ಮೇಲೆ, ಹಿಂಬದಿಯ ಎಡಮೂಲೆಯಲ್ಲಿ, ಉಜ್ಜಿ ಉಜ್ಜಿ ಬೆಳ್ಳಗಾದ ಒಂದು ಗೆರೆ ಇತ್ತು. ಆ ಗೆರೆ ಬಿದ್ದ ಜಾಗಕ್ಕೆ ಎದುರಾಗಿ ಕೋವಿಯ ಒಳಗೆ ಬೆರಳಾಡಿಸಿದರು. ಅಲ್ಲಿ ಉಜ್ಜುವಂಥದ್ದು ಏನೂ ಇರಲಿಲ್ಲ. ಕೋವಿಯಲ್ಲಿ ಉಜ್ಜಿದ ಗುರುತು ಇದ್ದದ್ದು ಬಲಕ್ಕೆ.

“ಇದು ನಿನ್ನ ಕೋವಿಯ ಮ್ಯಾಗಜಿನ್ ಅಲ್ಲ” ಎಂದರು.

ಗೆಳೆಯ ಒಪ್ಪಲಿಲ್ಲ. ಅಪ್ಪನ ಕಾಲದಿಂದ ಇದೇ ಎಂದ. ಮೇಸ್ತ್ರಿಯವರು ವಾದಕ್ಕೆ ಹೋಗದೆ ಕೇಳಿದರು: “ಮನೆಯಲ್ಲಿ ಇಂಥದ್ದೇ ಇನ್ನೊಂದು ಯಾರ ಹತ್ತಿರ ಇದೆ?”

ಗೆಳೆಯನ ಕೈಯಲ್ಲಿದ್ದ ಲೋಟ ಅರ್ಧದಲ್ಲೇ ನಿಂತಿತು. ದೊಡ್ಡಪ್ಪನ ಮಗನ ಹತ್ತಿರ ಇದೆ. ಅಪ್ಪ, ದೊಡ್ಡಪ್ಪ ಅಣ್ಣತಮ್ಮಂದಿರಿಬ್ಬರೂ ಒಂದೇ ಕಾಲದಲ್ಲಿ ತೆಗೆದುಕೊಂಡ ಜೋಡಿ ಕೋವಿಗಳು. ಎರಡು ವರ್ಷದ ಹಿಂದೆ ಹಬ್ಬದ ಮುನ್ನಾದಿನ ಕುಟುಂಬದ ಮೂಲಮನೆಯಾದ ಐನ್‌ಮನೆಯ ಜಗುಲಿಯ ಮೇಲೆ ಚಾಪೆ ಹಾಸಿ, ಎರಡನ್ನೂ ಬಿಚ್ಚಿ, ಮಕ್ಕಳ ಕೈಗೆ ಬಟ್ಟೆ ಕೊಟ್ಟು ಒರೆಸಲು ಕೂರಿಸಿದ್ದರು. ಮಕ್ಕಳು ಒರೆಸಿದರು, ಎಣ್ಣೆ ಹಚ್ಚಿದರು, ಹೂ ಮುಡಿಸಿದರು. ಯಾವ ಪೆಟ್ಟಿಗೆ ಯಾವ ಕೋವಿಯದೆಂದು ಯಾರೂ ನೋಡಲಿಲ್ಲ. ನೋಡಲು ಎರಡೂ ಒಂದೇ ಥರ.

ಒಂದೇ ಥರ ಎಂಬುದೇ ಇಲ್ಲಿನ ಮೋಸ. ಒಂದೇ ನಕ್ಷೆಯ ಪೆಟ್ಟಿಗೆ ಎಂದಮಾತ್ರಕ್ಕೆ ಯಾವ ಕೋವಿಗಾದರೂ ಆದೀತೆಂದು ನಾವು ನಂಬುತ್ತೇವೆ, ಟಾರ್ಚಿಗೆ ಸೆಲ್ ಹಾಕಿದ ಹಾಗೆ. ಲೀ-ಎನ್‌ಫೀಲ್ಡ್ ಕಾಲದ ಸಿಪಾಯಿ ಹಾಗೆ ನಂಬಿರಲಿಲ್ಲ. ಅವನು ಪೆಟ್ಟಿಗೆಯನ್ನು ಕಳಚುತ್ತಿದ್ದುದು ಒರೆಸಲಿಕ್ಕೆ ಮಾತ್ರ, ತುಂಬುತ್ತಿದ್ದುದು ಮೇಲಿನಿಂದ. ಕೋವಿಗೊಂದೇ ಪೆಟ್ಟಿಗೆ. ಮೊದಮೊದಲ ಕೋವಿಗಳಲ್ಲಂತೂ ಪೆಟ್ಟಿಗೆ ಕಳೆದುಹೋಗದಿರಲೆಂದು ಅದನ್ನು ಕೋವಿಗೇ ಕೊಂಡಿಯಿಂದ ಬಿಗಿದಿರುತ್ತಿದ್ದರು. ಪೆಟ್ಟಿಗೆಯನ್ನು ಆಯಾ ಕೋವಿಗೆ ಕೂರಿಸಿ, ತುಟಿಯನ್ನು ಕೂದಲೆಳೆಯಷ್ಟು ತಿದ್ದಿ, ತೋಟೆ ಏರುತ್ತದೆಯೇ ಎಂದು ನೋಡಿ ಒಪ್ಪಿಸುವ ಆರ್ಮರರ್ ಎಂಬ ಕಸುಬುದಾರ ಪ್ರತಿ ಪಲ್ಟಣದಲ್ಲೂ ಇರುತ್ತಿದ್ದ. ಆ ಮೈಗೆ ಹೊಸ ನಳಿಗೆ, ಹೊಸ ಮರ, ಹೊಸ ತೋಟೆ ಕೊಟ್ಟ ನಾವು ಅವನ ಕೆಲಸವನ್ನು ಮರೆತೆವು.

ಮಾರನೆಯ ದಿನ ಅಮ್ಮತ್ತಿ ಕಡೆಯಿಂದ ದೊಡ್ಡಪ್ಪನ ಮಗ ತಮ್ಮ ಕೋವಿ, ಕಾಗದ ಎರಡನ್ನೂ ಹಿಡಿದು ತಾವೇ ಬಂದರು. ಅವರದೂ ಅದೇ ದೂರು. ಹೇಳಿಕೊಳ್ಳಲು ಸಂಕೋಚವಾಗಿ ಸುಮ್ಮನಿದ್ದರಂತೆ. ಸುಮ್ಮನಿದ್ದದ್ದೂ ಅಲ್ಲ. ಯಾರದೋ ಸಲಹೆ ಕೇಳಿ ಪೆಟ್ಟಿಗೆಯ ತುಟಿಯನ್ನು ಇಕ್ಕಳದಲ್ಲಿ ಅಗಲಿಸಿದ್ದರು. ತುಟಿಯ ಮೇಲೆ ಇಕ್ಕಳದ ಹಲ್ಲಿನ ಗುರುತು ಸಾಲಾಗಿ ಕಾಣುತ್ತಿತ್ತು. ಅದನ್ನು ನೋಡಿದಾಗ ಮೇಸ್ತ್ರಿಯವರ ಮುಖ ಸಣ್ಣದಾಯಿತು. ಬೈಯಲಿಲ್ಲ. ಬೆರಳಿನಿಂದ ಆ ಗುರುತುಗಳನ್ನು ಒಂದೊಂದಾಗಿ ಸವರಿದರು, ಅಷ್ಟೇ. ನನಗೆ ಮಾತ್ರ ಸಿಟ್ಟು ಬಂತು, ಈಗಲೂ ಇದೆ. ಸ್ಪ್ರಿಂಗಿನಂತೆ ಹದ ಮಾಡಿದ ಉಕ್ಕಿನ ತಗಡು ಅದು. ಒಮ್ಮೆ ಹಿಗ್ಗಿಸಿ ಕುಗ್ಗಿಸಿದರೆ ಬಿರುಕು ಬಿಡಬಹುದು. ಬಿಟ್ಟರೆ ನೂರು ವರ್ಷದ ಈ ಪೆಟ್ಟಿಗೆಗೆ ಬದಲಿ ಹುಡುಕಿ ಎಲ್ಲಿಗೆ ಹೋಗುವುದು? ಅಣ್ಣನ ಕೋವಿಯ ದೋಷವೆಂದು ಬಗ್ಗಿಸಿದ್ದು ತಮ್ಮನ ಕೋವಿಯ ಪೆಟ್ಟಿಗೆಯನ್ನು.

ದೊಡ್ಡಪ್ಪನ ಮಗನ ಕೋವಿಗೆ ಅದರ ಪೆಟ್ಟಿಗೆಯನ್ನು ಕೂರಿಸಿದ್ದು ಐದು ನಿಮಿಷದ ಕೆಲಸ. ಟಕ್ ಎಂದು ಕೂತಿತು, ಅಲುಗಲಿಲ್ಲ. ಎಡಮೂಲೆಯ ಬಿಳಿ ಗೆರೆಗೆ ಎದುರಾಗಿ ಒಳಗಿನ ಅಂಚು ಸರಿಯಾಗಿ ಬಂತು. ಗೆಳೆಯನ ಪೆಟ್ಟಿಗೆಗೆ ಮಧ್ಯಾಹ್ನವೆಲ್ಲ ಹಿಡಿಯಿತು. ಮೇಸ್ತ್ರಿಯವರು ಹಲಸಿನ ಮರದ ಒಂದು ತುಂಡನ್ನು ತೋಟೆಯ ಅಗಲಕ್ಕೆ ಕೆತ್ತಿ ಪೆಟ್ಟಿಗೆಯ ಬಾಯಿಗೆ ಇಟ್ಟುಕೊಂಡು, ಪುಟ್ಟ ಸುತ್ತಿಗೆಯಲ್ಲಿ ತುಟಿಗೆ ಮೆಲ್ಲಗೆ ತಟ್ಟಿದರು. ಎರಡು ತಟ್ಟು, ನಿಲ್ಲಿಸಿ ಡಮ್ಮಿ ಹಾಕಿ ನೋಡು. ಒಂದು ತಟ್ಟು, ಮತ್ತೆ ನೋಡು. ಅತಿಯಾದರೆ ಮೂಗು ಕೆಳಗಿಳಿಯುತ್ತದೆ, ಕಡಿಮೆಯಾದರೆ ತೋಟೆ ಮುಂಚೆಯೇ ಹಾರುತ್ತದೆ. ಮಳೆ ನಿಂತು ಓಣಿಯಲ್ಲಿ ಬಿಸಿಲು ಬಿದ್ದದ್ದು, ಮತ್ತೆ ಮೋಡ ಕವಿದದ್ದು ಯಾವುದೂ ಅವರಿಗೆ ಗೊತ್ತಾಗಲಿಲ್ಲ. ಹತ್ತಿರ ಹೋದರೆ ಅವರ ಉಸಿರು ಕೇಳುತ್ತಿತ್ತು: ಬೋಲ್ಟ್ ಮುಂದಕ್ಕೆ ಹೋಗುವಾಗ ಬಿಗಿ ಹಿಡಿದು, ಟಕ್ ಎಂದ ಮೇಲೆ ಬಿಡುತ್ತಿದ್ದರು.

ಸಂಜೆ ನಾಲ್ಕರ ಹೊತ್ತಿಗೆ ಸದ್ದು ಬದಲಾಯಿತು. ಸರ್ರ್, ಟಕ್. ಸರ್ರ್, ಟಕ್. ಮಧ್ಯೆ ಎಲ್ಲೂ ತೊದಲಿಲ್ಲ. ಐದು ಡಮ್ಮಿಗಳು ಹೋದವು, ಮತ್ತೆ ಐದು, ನಿಧಾನಕ್ಕೆ ಐದು, ಬಿರುಸಾಗಿ ಐದು. ಕೋವಿಯನ್ನು ಓರೆಯಾಗಿ ಹಿಡಿದು, ಮೂತಿ ಮೇಲೆ ಮಾಡಿ, ಕೆಳಗೆ ಮಾಡಿ ನೋಡಿದರು. ಮೂವತ್ತು ಸಲ ಎಣಿಸಿದೆ, ಮೂವತ್ತೂ ಏರಿದವು. ಗೆಳೆಯ ಮಾತಾಡಲಿಲ್ಲ. ಆ ಸದ್ದನ್ನು ಅವನು ಚಿಕ್ಕಂದಿನಲ್ಲಿ ತಂದೆಯ ಪಕ್ಕ ನಿಂತು ಕೇಳಿದ್ದವನು.

ಕೆಲಸ ಮುಗಿಯಿತೆಂದು ನಾವು ಏಳುವಾಗ ಮೇಸ್ತ್ರಿಯವರು ಕೂರಿಸಿದರು. ಕಪಾಟಿನಿಂದ ಬಿಳಿ ಎನಾಮಲ್ ಬಣ್ಣದ ಪುಟ್ಟ ಡಬ್ಬಿ ತೆಗೆದು, ಬೆಂಕಿಕಡ್ಡಿಯ ತುದಿಗೆ ಹತ್ತಿ ಸುತ್ತಿ ಅದ್ದಿ, ಎರಡೂ ಪೆಟ್ಟಿಗೆಗಳ ತಳದಲ್ಲಿ ಆಯಾ ಕೋವಿಯ ಕೊನೆಯ ಮೂರು ಅಂಕಿಗಳನ್ನು ಬರೆದರು. ನಡುಗುವ ಕೈ, ಆದರೆ ಅಂಕಿ ದುಂಡಗೆ ಬಂದವು. ಒಣಗುವವರೆಗೆ ಮುಟ್ಟಬೇಡಿ ಎಂದರು. ಅವರ ಹತ್ತಿರ ಈ ಕೆಲಸ ಕಲಿಯಲು ಸದ್ಯ ಯಾರೂ ಇಲ್ಲ.

ಆ ವರ್ಷದ ಕೈಲ್‌ಪೊಳ್ದ್‌ಗೆ ಕನ್ನಿಕೊಂಬರೆಯ ದೀಪದ ಮುಂದೆ ಎರಡೂ ಕೋವಿಗಳು ಪಕ್ಕಪಕ್ಕ ನಿಂತವು, ಬಾಯಿಗೆ ತೋಕ್ ಪೂ, ಮೈಗೆ ಗಂಧ. ಕಡಂಬುಟ್ಟು ಬೇಯುವ ಆವಿ ಅಡುಗೆಮನೆಯಿಂದ ಬರುತ್ತಿತ್ತು. ಮಧ್ಯಾಹ್ನ ಬರೆಯ ಬುಡದಲ್ಲಿ ತೆಂಗಿನಕಾಯಿ ಇಟ್ಟರು. ಗೆಳೆಯ ಐದು ತೋಟೆ ತುಂಬಿದ, ಒಂದೊಂದರ ಬಳೆಯನ್ನೂ ಹೆಬ್ಬೆರಳಲ್ಲಿ ಸವರಿ ನೋಡಿಯೇ ತುಂಬಿದ. ಐದು ಈಡಾಯಿತು. ಗುರಿ ತಾಗಿದ್ದು ಎರಡೇ. ಅದು ಅವನ ಕಣ್ಣಿನ ತಪ್ಪು. ಕೋವಿ ಐದಕ್ಕೈದೂ ಏರಿಸಿ ಕೊಟ್ಟಿತು.

ನಿಮ್ಮ ಮನೆಯಲ್ಲಿ ಇಂಥದ್ದೊಂದು ಇದ್ದರೆ, ಈ ಸಲ ಒರೆಸಲು ತೆಗೆದಾಗ ಮೊದಲು ಖಾಲಿ ಇದೆಯೇ ನೋಡಿ. ಆಮೇಲೆ ಪೆಟ್ಟಿಗೆಯ ತಳದಲ್ಲಿ ಅದರ ಕೋವಿಯ ನಂಬರನ್ನು ಬಿಳಿ ಬಣ್ಣದಲ್ಲಿ ಬರೆದಿಡಿ. ತುಟಿಗೆ ಇಕ್ಕಳ ತಾಗಿಸಬೇಡಿ. ತೊಂದರೆ ಕಂಡರೆ ಕೋವಿಯನ್ನು, ಪೆಟ್ಟಿಗೆಯನ್ನು ಒಟ್ಟಿಗೇ ಕೊಂಡುಹೋಗಿ, ಲೈಸೆನ್ಸ್ ಇರುವ ಇಂಥ ಒಬ್ಬ ಮೇಸ್ತ್ರಿಯ ಕೈಗೆ ಕೊಡಿ. ಅವರು ಇರುವಾಗಲೇ ಕೊಡಿ.